ಎರಡು ಚುಕ್ಕೆ, ಕೆಳಗೊಂದು ಗೆರೆ

ಜೂನ್ ೫, ಸೋಮವಾರ

ಸೋಪಿನ ಪುಡಿಯ ಏಜೆಂಟ್ ನಮ್ಮ ಲಾಂಡ್ರಿಗೆ ವರ್ಷವರ್ಷವೂ ಕೊಡುವ ಡೈರಿ ಇದು. ಇಷ್ಟು ದಿನ ಅಲುಗಾಡುವ ಮೇಜಿನ ಕಾಲಿಗೆ ಒತ್ತಾಗಿತ್ತು. ಇವತ್ತು ಎಳೆದು ಧೂಳು ಕೊಡವಿದೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಕೆಲಸ ಕೆಡುತ್ತದೆ. ಮಧ್ಯಾಹ್ನ ನೀಲಿ ಹಾಕಿದ ನೀರಿಗೇ ಮತ್ತೆ ನೀಲಿ ಹಾಕಿಬಿಟ್ಟೆ. ಹೋಟೆಲಿನವರ ಮೇಜುಬಟ್ಟೆಗಳೆಲ್ಲ ಆಕಾಶವಾಗಿ ಕೂತಿವೆ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಇವರ ಹೃದಯ ದೊಡ್ಡದಾಗಿ, ಬಲ ಕಳೆದುಕೊಂಡಿದೆ. ಮಾತ್ರೆಯಿಂದ ಕಾಲಿನ ಊತ ಇಳಿಸಬಹುದು, ಉಸಿರು ಸ್ವಲ್ಪ ಹಗುರ ಮಾಡಬಹುದು. ವಾಸಿ ಮಾಡುವುದಕ್ಕೆ ಆಗುವುದಿಲ್ಲ. ಎಷ್ಟು ದಿನ ಎಂದು ಇವರೇ ಕೇಳಿದರು. "ಕೆಲವು ತಿಂಗಳು ಅಂತ ಇಟ್ಕೊಳ್ಳಿ" ಎಂದರು ಆಕೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಹೊರಗೆ ಬಂದ ಮೇಲೆ ಇವರು ನಕ್ಕರು. "ನಂದು ದೊಡ್ಡ ಹೃದಯ ಅಂತ ಎಷ್ಟು ಸಲ ಹೇಳಿದೀನಿ, ನೀನು ನಂಬಲಿಲ್ಲ. ಈಗ ಫೋಟೋ ಹಿಡಿದೇ ತೋರಿಸಿದ್ರು, ನೋಡೇ."

ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಇವರ ಊದಿದ ಪಾದವನ್ನು ಯಾರಾದರೂ ತುಳಿದುಬಿಟ್ಟಾರೆಂದು ನನ್ನ ಕಾಲನ್ನು ಅಡ್ಡ ಇಟ್ಟುಕೊಂಡು ಕೂತಿದ್ದೆ.

ಜೂನ್ ೮, ಗುರುವಾರ

ಮೂಲೆಮನೆಯ ಗಡಿಯಾರದ ತಾತ ತೀರಿಕೊಂಡರು. ಕೊನೆಯದಾಗಿ ತೊಡಿಸಲೆಂದು ಅವರ ಮಗಳು ಒಂದು ಬಿಳಿ ಅಂಗಿ ತಂದುಕೊಟ್ಟಳು. ನಮ್ಮ ಲಾಂಡ್ರಿಯಲ್ಲಿ ಒಗೆತ ನನ್ನದು, ಇಸ್ತ್ರಿ ಇವರದು. ಅಂಗಡಿ ಹಾಕಿದಾಗಿನಿಂದ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದವರಲ್ಲ. ಈಗ ಇವರಿಗೆ ಇಸ್ತ್ರಿ ಪೆಟ್ಟಿಗೆ ಎತ್ತಿದರೆ ಏದುಸಿರು. ಕುರ್ಚಿಯಲ್ಲಿ ಕೂತು, ಹೀಗೆ ಹಿಡಿ ಹಾಗೆ ಒತ್ತು ಎಂದು ನನ್ನ ಕೈಯಿಂದ ಮಾಡಿಸಿದರು. ಕಾಲರ್ ಸುಕ್ಕುಬಿತ್ತು. ತಾತ ಬೈಯಲಾರರು ಬಿಡು ಎಂದರು.

ಕೊನೆಗೆ ಕತ್ತರಿ ಕೇಳಿ, ಕಾಲರಿನ ಒಳಗಿನ ಗುರುತನ್ನು ತಾವೇ ಬಿಚ್ಚಿದರು. ಎಲ್ಲರ ಬಿಳಿ ಬಟ್ಟೆಯೂ ಒಂದೇ ಹಂಡೆಯಲ್ಲಿ ಬೇಯುವುದರಿಂದ ಮನೆಗೊಂದು ಗುರುತು ಹಾಕುತ್ತೇವೆ, ಕೆಂಪು ನೂಲಿನಲ್ಲಿ. ಒಂದು ಮನೆಯವರ ಬಟ್ಟೆಗೆಲ್ಲ ಒಂದೇ ಗುರುತು. ಯಜಮಾನರದ್ದಿರಲಿ, ಬಾಡಿಗೆಗಿರುವ ಹುಡುಗನದ್ದಿರಲಿ, ಒಂದೇ ಗಂಟಿನಲ್ಲಿ ಕಟ್ಟಿ ಒಂದೇ ಬಾಗಿಲಿಗೆ ಕೊಟ್ಟು ಬರುವುದು. ಸತ್ತವರ ಕೊನೆಯ ಅಂಗಿಯಿಂದ ಮಾತ್ರ ಗುರುತು ತೆಗೆದುಬಿಡುತ್ತೇವೆ. ಅದು ಮತ್ತೆ ಒಗೆಯಲು ಬರುವುದಿಲ್ಲವಲ್ಲ.

ನಮ್ಮ ಮನೆಯ ಗುರುತು ಎರಡು ಚುಕ್ಕೆ, ಕೆಳಗೊಂದು ಗೆರೆ. ಎರಡು ಚುಕ್ಕೆ ನಾವಿಬ್ಬರು. ಗೆರೆ ಮೇಲಿದ್ದರೆ ಸೂರಾಗುತ್ತಿತ್ತು. ಆಗ ನಮಗೆ ಸ್ವಂತ ಸೂರಿರಲಿಲ್ಲ, ಇದ್ದದ್ದು ಒಂದು ಚಾಪೆ. ಅದಕ್ಕೇ ಗೆರೆಯನ್ನು ಕೆಳಗೆ ಹಾಕಿದ್ದು ಇವರು. ಮೂರನೆಯ ಚುಕ್ಕೆಗೆ ದಾರಿ ಕಾದೆವು, ಬರಲಿಲ್ಲ.

ಜೂನ್ ೧೧, ಭಾನುವಾರ

ಚರ್ಚಿಗೆ ನಾನೊಬ್ಬಳೇ ಹೋದೆ. ಯಾಕಾದರೂ ಹೋದೆನೋ.

ಪಾದ್ರಿಗಳು ಇನ್ನೂ ಚಿಕ್ಕ ವಯಸ್ಸಿನವರು, ಮದುವೆಯಾಗಿಲ್ಲ. ಪ್ರಸಂಗಕ್ಕೆ ತೆಗೆದುಕೊಂಡದ್ದು ಏಳು ಜನ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾಗಿ ಏಳು ಜನರನ್ನೂ ಮಣ್ಣು ಮಾಡಿದ ಹೆಂಗಸಿನ ವಿಷಯ. ಸತ್ತವರು ಎದ್ದುಬಂದ ಮೇಲೆ ಅವಳು ಯಾರ ಹೆಂಡತಿ ಎಂದು ಕೇಳಿದರಂತೆ. ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಎಂದು ಪ್ರಭುವಿನ ಉತ್ತರ. ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಇಷ್ಟು ದಿನ ಅದು ಬೇರೆಯವರ ಮನೆಯ ಸುದ್ದಿಯಾಗಿತ್ತು. ಇವತ್ತು ನನ್ನ ಮನೆಯೊಳಗೆ ಬಂದು ಕೂತಿತು.

ಇವರಿಗೆ ಈಗ ದಿನವೂ ಸಂಜೆ ಅದೇ ಮಾತು. ಮೇಲೆ ಒಂದು ಮನೆಯಿದೆ, ಅದರಲ್ಲಿ ಬೇಕಾದಷ್ಟು ಕೋಣೆಗಳಿವೆ. "ನಾನು ಮೊದಲು ಹೋಗಿ ಒಂದು ಕೋಣೆ ಹಿಡಿದಿರ್ತೀನಿ, ಬಸ್ಸಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿದ ಹಾಗೆ. ನೀನು ನಿಧಾನವಾಗಿ ಬಾ" ಎನ್ನುತ್ತಾರೆ. ಹಾಗೆ ಹೇಳುವಾಗ ಇವರ ಉಸಿರು ಕೂಡ ಸಲೀಸಾಗುತ್ತದೆ. ಅಲ್ಲಿ ನಾನು ಇವರಿಗೆ ಯಾರೂ ಅಲ್ಲ ಎಂದು ಯಾವ ಬಾಯಿಂದ ಹೇಳಲಿ?

"ಏನು ಪ್ರಸಂಗ ಇವತ್ತು?" ಎಂದು ಕೇಳಿದರು.

"ತಾಳ್ಮೆ ಬಗ್ಗೆ" ಎಂದೆ.

"ನಿನಗೇ ಹೇಳಿದ ಹಾಗಿದೆ" ಎಂದರು.

ಜೂನ್ ೧೩, ಮಂಗಳವಾರ

ನಾದಿನಿ ಬಂದಿದ್ದಳು, ಅಣ್ಣನನ್ನು ನೋಡಲು. ಅವಳದ್ದು ಎರಡು ಮದುವೆ. ಇಬ್ಬರೂ ಈಗ ಇಲ್ಲ. ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಾ ಪ್ರಸಂಗದ ವಿಷಯ ಅವಳಿಗೆ ಹೇಳಿಕೊಂಡೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಹಿಂಡುತ್ತಿದ್ದ ಹೊದಿಕೆ ಬಿಟ್ಟು ನಕ್ಕಳು.

"ದೇವರು ದೊಡ್ಡವನು ಅತ್ತಿಗೆ! ಮೊದಲನೆಯವರದು ಗೊರಕೆ, ಎರಡನೆಯವರಿಗೆ ಸೂಜಿ ಬಿದ್ದರೂ ಎಚ್ಚರ. ಇಬ್ಬರನ್ನೂ ಒಂದೇ ಮನೇಲಿ ಇಟ್ಕೊಂಡು ನಾನೇನು ಮಾಡಲಿ? ಅಲ್ಲಿ ಮದುವೆ ಇಲ್ಲ ಅಂತ ಕೇಳಿದ ದಿನ ನಾನು ನೆಮ್ಮದಿಯಾಗಿ ಊಟ ಮಾಡಿದೆ."

ಅವಳಿಗೆ ಇಬ್ಬರು. ನನಗಿರುವುದು ಒಬ್ಬರೇ ಎಂದೆ. ಅವಳು ಹೊದಿಕೆಯ ಇನ್ನೊಂದು ತುದಿ ಹಿಡಿದಳು.

ಜೂನ್ ೧೭, ಶನಿವಾರ

ಇವರು ಬೈಬಲ್ ಪುಸ್ತಕದ ಕೊನೆಯ ಭಾಗಕ್ಕೆ ಬಂದಿದ್ದಾರೆ. ಬೆನ್ನಿಗೆ ನಾಲ್ಕು ದಿಂಬು ಕೊಟ್ಟರೆ ಕೂತು ಓದುತ್ತಾರೆ. ಕುರಿಮರಿಯ ರಕ್ತದಲ್ಲಿ ನಿಲುವಂಗಿ ತೊಳೆದು ಬೆಳ್ಳಗೆ ಮಾಡಿಕೊಂಡವರು ಅಲ್ಲಿ ನಿಂತಿದ್ದಾರಂತೆ.

ನಾನು ಸುಮ್ಮನಿರಬೇಕಿತ್ತು. "ರೀ, ರಕ್ತದ ಕಲೆಗೆ ತಣ್ಣೀರು, ಉಪ್ಪು. ಬಿಸಿನೀರು ತೋರಿಸಿದರೆ ಜನ್ಮಕ್ಕೂ ಹೋಗಲ್ಲ. ರಕ್ತದಲ್ಲೇ ಒಗೆದು ಬೆಳ್ಳಗಾಯ್ತು ಅಂತ ಬರೆದವರು ಒಂದು ಕರ್ಚೀಫೂ ಒಗೆದಿಲ್ಲ."

"ಅದಕ್ಕೇ ಬರೆದಿದ್ದು ಕಣೇ. ಸೋಡಾದಲ್ಲಿ ಒಗೆದು ಬೆಳ್ಳಗಾದ್ರೆ ಯಾರು ಬರೀತಾರೆ?"

ಅಲ್ಲಿ ಸೂರ್ಯನೇ ಇಲ್ಲವಂತಲ್ಲ, ಬಟ್ಟೆ ಹೇಗೆ ಒಣಗುತ್ತದೆ ಎಂದೆ. ನದಿ ಇದೆ, ಗಾಜಿನಷ್ಟು ತಿಳಿ ನೀರು ಎಂದರು. ಇಲ್ಲಿಯ ಬೋರಿನ ಗಡಸು ನೀರಿನಲ್ಲಿ ನೊರೆ ಬರಿಸಿ ಬರಿಸಿ ನನ್ನ ಬೆರಳು ಸವೆದಿವೆ. ನದಿಯ ಮಾತು ಮಾತ್ರ ನನಗೆ ಹಿಡಿಸಿತು. ಒಪ್ಪಿಕೊಳ್ಳಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಇವರು ಪುಸ್ತಕ ಮುಚ್ಚಿದರು.

ಮದುವೆಯ ವಿಷಯ ಎತ್ತಲಿಲ್ಲ.

ಜೂನ್ ೨೪, ಶನಿವಾರ

ಇಂಥ ದಿನ ಮತ್ತೆ ಬರಲಾರದು. ಎಲ್ಲವನ್ನೂ ಬರೆದಿಡುತ್ತೇನೆ.

ಪಾದ್ರಿಗಳ ಬಿಳಿ ನಿಲುವಂಗಿ ಮೊನ್ನೆ ಒಗೆಯಲು ಬಂದಿತ್ತು. ಕಾಲರ್ ಸವೆದಿತ್ತು, ಬಿಚ್ಚಿ ತಿರುವಿ ಹೊಲಿದೆ. ಹಳೆಯ ಗುರುತು ಅದರ ಜೊತೆ ಹೋಯಿತು; ಹೊಸದು ಹಾಕಿದೆ. ಅವರ ಮನೆಯ ಗುರುತು ಮೂರು ಚುಕ್ಕೆ. ನಾನು ಆ ಅಂಗಿಯನ್ನು ಕೈಯಲ್ಲಿ ಹಿಡಿದು, ಇದನ್ನು ತೊಟ್ಟುಕೊಂಡೇ ಅಲ್ಲವೇ ಆ ಪ್ರಸಂಗ ಮಾಡಿದ್ದು ಎಂದು ಮನಸ್ಸಿನಲ್ಲೇ ಜಗಳವಾಡುತ್ತಾ ಹೊಲಿದಿದ್ದೆ. ಕೈ ತನಗೆ ಬಂದದ್ದನ್ನು ಹೊಲಿದಿದೆ.

ಇವತ್ತು ಸಂಜೆ ಇವರಿಗೆ ಮೈಯೆಲ್ಲ ಬೆವರಿ ಅಂಗಿ ತೊಯ್ದುಹೋಯಿತು. ಕರೆಂಟೂ ಇರಲಿಲ್ಲ. ನಮ್ಮ ಗಂಟಿಗೆ ಕೈ ಹಾಕಿ ಸಿಕ್ಕಿದ ಬಿಳಿ ಬಟ್ಟೆ ಎಳೆದೆ, ಕಾಲರಿನ ಒಳಗೆ ಬೆರಳಾಡಿಸಿದೆ. ಎರಡು ಚುಕ್ಕೆ, ಕೆಳಗೊಂದು ಗೆರೆ. ಸರಿ ಎಂದು ತೊಡಿಸಿದೆ. ನಮ್ಮ ಕಸುಬಿನಲ್ಲಿ ಬಟ್ಟೆಯ ಮುಖ ನೋಡುವವರಿಲ್ಲ, ಗುರುತು ನೋಡುವುದು.

"ಇದೇನೇ ಇಷ್ಟುದ್ದ ಇದೆ?" ಎಂದರು.

ಕಾಯಿಲೆ ಇಷ್ಟು ಬೇಗ ಇವರನ್ನು ಇಷ್ಟು ಸಣ್ಣ ಮಾಡಿತೇ ಎಂದುಕೊಂಡೆ. "ಸುಮ್ನೆ ಕೂತ್ಕೊಳ್ಳಿ, ಬೆಚ್ಚಗಿರುತ್ತೆ" ಎಂದು ದಿಂಬು ಸರಿಮಾಡಿದೆ.

ಅಷ್ಟರಲ್ಲಿ ಪಾದ್ರಿಗಳು ಬಂದರು. ನಾಳೆಗೆ ನಿಲುವಂಗಿ ಬೇಕಿತ್ತು, ಅವರಿಗೆ ಕೊಟ್ಟ ಗಂಟಿನಲ್ಲಿ ಇರಲಿಲ್ಲ ಎಂದರು. ನಾನು ಅಂಗಡಿಯನ್ನೆಲ್ಲ ಜಾಲಾಡಿದೆ. ಪಾದ್ರಿಗಳ ಅಂಗಿ ಕಳೆದ ಲಾಂಡ್ರಿ ಎಂದು ಹೆಸರಾದರೆ ಮುಗಿಯಿತು. ಆಗ ಕರೆಂಟು ಬಂತು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ನಾಲ್ಕು ದಿಂಬಿಗೆ ಒರಗಿ, ಪಾದದವರೆಗೂ ಬೆಳ್ಳಗೆ ಇಳಿದ ನಿಲುವಂಗಿಯಲ್ಲಿ, ಕೈಕಟ್ಟಿ ಕೂತಿದ್ದಾರೆ ಇವರು! ಆಗಲೇ ಮೇಲೆ ಹೋಗಿ ಇಳಿದುಬಂದವರ ಹಾಗೆ.

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಪಾದ್ರಿಗಳು ಬಾಗಿಲು ಹಿಡಿದುಕೊಂಡು ಕುಸಿದರು. ಇವರಿಗೆ ನಕ್ಕು ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ನಗು. "ಅಳತೆ ನೋಡ್ತಾ ಇದ್ದೆ ಪಾದ್ರಿಗಳೇ. ತೋಳು ಸ್ವಲ್ಪ ಉದ್ದ ಆಯ್ತು, ಮೇಲೆ ಹೇಳಿಬಿಡಿ."

ನಾನು ಮಾತ್ರ ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಅತ್ತು, ತಡೆಯಲಾರದೆ ಕೇಳಿಯೂ ಬಿಟ್ಟೆ. ಹದಿನೈದು ದಿನದ ಹಿಂದೆ ನೀವು ಹೇಳಿದ್ದು ನಿಜವೇ, ಅಲ್ಲಿ ಇವರು ನನಗೆ ಯಾರೂ ಅಲ್ಲವೇ ಎಂದು.

ಪಾದ್ರಿಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನಾದರೂ ಹೇಳುತ್ತಾರೆ ಎಂದುಕೊಂಡೆ. ಆ ಹುಡುಗ ನೆಲ ನೋಡುತ್ತಾ ನಿಂತರು. "ಅಲ್ಲಿ ಏನಿಲ್ಲ ಅಂತ ಪ್ರಭು ಹೇಳಿದ್ದನ್ನ ಹೇಳಿದೆ ಅಮ್ಮ. ಅದರ ಬದಲು ಏನಿದೆ ಅಂತ ನನಗೂ ಗೊತ್ತಿಲ್ಲ. ಕಡಿಮೆಯದ್ದಂತೂ ಇರಲ್ಲ ಅಂತ ನಂಬಿದೀನಿ. ನಿಮ್ಮ ಮನೆ ಪರಿಸ್ಥಿತಿ ಯೋಚನೆ ಮಾಡದೆ ಮಾತಾಡಿದೆ, ತಪ್ಪು ತಿಳ್ಕೋಬೇಡಿ."

ಇವರು ನನ್ನನ್ನೇ ನೋಡುತ್ತಿದ್ದರು. "ತಾಳ್ಮೆ ಬಗ್ಗೆ ಅಂದೆಯಲ್ಲೇ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಆ ಮಾತು ಆ ಪುಸ್ತಕದಲ್ಲಿದೆ ಅಂತ ನನಗೆ ಗೊತ್ತಿಲ್ವಾ? ನಿನಗೆ ಬೇಜಾರಾಗುತ್ತೆ ಅಂತ ನಾನು ಎತ್ತಿರಲಿಲ್ಲ."

ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟು ಕಾವಲು ಕಾದದ್ದು ಒಂದೇ ಮಾತನ್ನು. ಪಾದ್ರಿಗಳು ಅಂಗಿ ಕೇಳದೆಯೇ ಹೊರಟರು. ಬೆಳಿಗ್ಗೆ ಬೇಗ ಒಗೆದು, ಇಸ್ತ್ರಿಯ ಬಿಸಿಯಲ್ಲೇ ಒಣಗಿಸಿ, ತಪ್ಪಿ ಹಾಕಿದ ನಮ್ಮ ಗುರುತು ಬಿಚ್ಚಿ ಕಳಿಸುತ್ತೇನೆ. ಮೂರು ಚುಕ್ಕೆ.

ಜುಲೈ ೨, ಭಾನುವಾರ

ಪ್ರಸಂಗವನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಸಲ ನಿಜವಾಗಿಯೂ ತಾಳ್ಮೆಯ ಬಗ್ಗೆಯೇ ಇತ್ತು! ಇವರು ನಂಬಲಿಲ್ಲ. ನಾದಿನಿ ಬಂದು ಸಾಕ್ಷಿ ಹೇಳಬೇಕಾಯಿತು.

ಸಂಜೆ ಗಂಟುಗಳನ್ನು ಕಟ್ಟುತ್ತಿದ್ದೆ. ಇವರು ಕೂತಲ್ಲಿಂದಲೇ ಗುರುತು ನೋಡಿ ನೋಡಿ ಬೇರೆ ಮಾಡಿ ಕೊಡುತ್ತಿದ್ದರು. ನಡುವೆ ಕೈ ನಿಲ್ಲಿಸಿದರು.

"ಅಲ್ಲಿರೋರ ಹಣೆ ಮೇಲೆಲ್ಲ ಒಂದೇ ಹೆಸರಿರುತ್ತಂತೆ. ಓದಿದೀಯಾ?"

"ಇದ್ರೆ?"

"ಎಲ್ಲ ಬಟ್ಟೆಗೂ ಒಂದೇ ಗುರುತಿದ್ರೆ ನೀನು ಏನು ಮಾಡ್ತೀಯ?"

"ಬೇರೆ ಮಾಡೋ ಕೆಲಸನೇ ಇಲ್ಲ. ಎಲ್ಲ ಒಂದೇ ಗಂಟು, ಒಂದೇ ಮನೆಗೆ."

"ಅಷ್ಟೇ ಕಣೇ" ಎಂದರು. "ಇಲ್ಲಿ ಸಾವಿರ ಮನೆ. ನೀನು ಒಂದು ಬಾಗಿಲಿಗೆ, ನಾನು ಇನ್ನೊಂದು ಬಾಗಿಲಿಗೆ ಹೋಗಿಬಿಡ್ತೀವಿ ಅಂತ ನಮಗೊಂದು ಗುರುತು ಹಾಕಿದ್ರು. ಮದುವೆ ಅಂದ್ರೆ ಅದು. ಅಲ್ಲಿರೋದೇ ಒಂದು ಮನೆ. ಇನ್ನೆಲ್ಲಿಗೆ ಹೋಗ್ತೀಯ ನನ್ನ ಬಿಟ್ಟು?"

ಅಷ್ಟು ಜನ ಒಂದೇ ಮನೆಯಲ್ಲಿದ್ದರೆ ಅಡುಗೆಮನೆಯಲ್ಲಿ ಜಗಳ ಖಂಡಿತ ಎಂದೆ. ಮಾತು ಹಾರಿಸಬೇಡ ಎಂದರು. ನಾನು ಹಾರಿಸಲಿಲ್ಲ, ಯೋಚಿಸುತ್ತಿದ್ದೆ. ಅಷ್ಟು ದೊಡ್ಡ ಮನೆಯಾದರೆ ಪಕ್ಕದ ಕೋಣೆಯನ್ನೂ ಹಿಡಿದಿರಿ, ಗೊರಕೆ ಜಾಸ್ತಿಯಾದರೆ ನನಗೆ ಬೇಕಾಗುತ್ತದೆ ಎಂದು ಮಲಗುವ ಮುಂಚೆ ಹೇಳಿದೆ.

ಜುಲೈ ೧೨, ಬುಧವಾರ

ಇಸ್ತ್ರಿಯ ಪಾಠ ನಡೆದಿದೆ. ಮೊದಲು ಕಾಲರ್, ಆಮೇಲೆ ತೋಳಿನ ಪಟ್ಟಿ, ಬೆನ್ನು ಕೊನೆಗೆ. ನಾನು ಬೆನ್ನಿನಿಂದ ಶುರುಮಾಡುತ್ತೇನೆ, ಇವರು ಹಣೆ ಚಚ್ಚಿಕೊಳ್ಳುತ್ತಾರೆ. "ಇಷ್ಟು ವರ್ಷ ನನ್ನ ಜೊತೆ ಇದ್ದು ಏನು ನೋಡ್ತಿದ್ದೆ?" ಎಂದರು. "ನಿಮ್ಮನ್ನೇ" ಎಂದೆ. ಮಾತು ಬಾಯಿಂದ ಜಾರಿಬಿಟ್ಟಿತು, ನಾಚಿಕೆಯಾಯಿತು. ಇವರು ಆಮೇಲೆ ಒಂದು ಗಂಟೆ ತಪ್ಪು ಹಿಡಿಯಲಿಲ್ಲ.

ಡಾಕ್ಟರಮ್ಮ ಮಾತ್ರೆ ಹೆಚ್ಚು ಮಾಡಿದ್ದಾರೆ. ಕಾಲಿನ ಊತ ಮೊಣಕಾಲಿಗೆ ಬಂದಿದೆ.

ಜುಲೈ ೨೩, ಭಾನುವಾರ

ಇವತ್ತು ಏನೂ ಆಗಲಿಲ್ಲ. ಇಬ್ಬರೂ ಬಾಗಿಲಲ್ಲಿ ಕೂತು ಹಗ್ಗದ ಮೇಲಿನ ಬಟ್ಟೆಗಳು ಗಾಳಿಗೆ ಆಡುವುದನ್ನು ನೋಡಿದೆವು. ಚೆನ್ನಾಗಿತ್ತು.

ಆಗಸ್ಟ್ ೬, ಭಾನುವಾರ

ಇವರು ಈಗ ಮಲಗಲಾರರು, ಕೂತೇ ನಿದ್ದೆ. ಹೆಚ್ಚು ಮಾತಾಡಿದರೆ ಉಸಿರು ಸಾಲದು. ಪುಸ್ತಕವನ್ನೂ ಕೈ ಹಿಡಿಯುವುದಿಲ್ಲ. ಮಧ್ಯಾಹ್ನ ನನ್ನ ಸೆರಗು ಹಿಡಿದುಕೊಂಡರು. "ಹೆದರಿಕೆ ಆಗ್ತಿದೆ ಕಣೇ."

ಇವರ ಬಾಯಿಂದ ಆ ಮಾತು ಕೇಳಿದ್ದು ಇದೇ ಮೊದಲು. ಏನು ಹೇಳುವುದು? ಇವರು ದಿನವೂ ಸಂಜೆ ಕಟ್ಟುತ್ತಿದ್ದ ಮನೆಯನ್ನೇ ನಾನು ಕಟ್ಟತೊಡಗಿದೆ. ನದಿಯಿಂದ ಶುರುಮಾಡಿದೆ. ಅಲ್ಲಿಯ ನೀರು ಮೆತ್ತಗಿರುತ್ತದೆ, ಚಿಟಿಕೆ ಸೋಪಿಗೆ ಬುಟ್ಟಿ ನೊರೆ ಬರುತ್ತದೆ. ದಡದ ಮರಕ್ಕೆ ತಿಂಗಳು ತಿಂಗಳೂ ಹಣ್ಣು, ಅದರ ಎಲೆ ಕಟ್ಟಿದರೆ ನಿಮ್ಮ ಕಾಲಿನ ಊತ ಇಳಿಯುತ್ತದೆ. ಬಾಗಿಲುಗಳನ್ನು ಯಾರೂ ಮುಚ್ಚುವುದಿಲ್ಲ, ನಾನು ತಡವಾಗಿ ಬಂದರೂ ನೀವು ಎದ್ದು ಬಂದು ಚಿಲಕ ತೆಗೆಯಬೇಕಾಗಿಲ್ಲ. ಅತ್ತವರ ಕಣ್ಣನ್ನು ದೇವರೇ ಒರೆಸುತ್ತಾರಂತೆ, ಕರ್ಚೀಫು ಒಗೆಯುವ ಕೆಲಸವೂ ಕಡಿಮೆ.

"ಸೂರ್ಯ ಇಲ್ವಲ್ಲೇ" ಎಂದರು ಕಣ್ಣು ಮುಚ್ಚಿಕೊಂಡು. "ಬಟ್ಟೆ?"

"ಅಲ್ಲಿ ಬೆಳಕಿಗೇ ಒಣಗುತ್ತೆ. ನೀವು ಸುಮ್ಮನಿರಿ."

ತುಟಿಯಲ್ಲಿ ನಗು ಬಂತು. ಸೆರಗು ಬಿಡದೆಯೇ ನಿದ್ದೆ ಹೋದರು. ನಾನು ಹಾಗೇ ಕೂತಿದ್ದೆ, ಹೋಟೆಲಿನವರು ಬಂದು ಬಾಗಿಲು ತಟ್ಟಿ ಹೋದರು.

ಸುಮ್ಮನೆ ಇವರ ಸಮಾಧಾನಕ್ಕೆ ಹೇಳಿದ್ದು. ಆದರೆ ಆ ಎಲೆಯ ವಿಷಯ ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಆಮೇಲೆ ಪುಸ್ತಕ ತೆಗೆದು ನೋಡಿದೆ. ಸರಿಯಾಗಿಯೇ ಇದೆ. ಮರ ನದಿಯ ಎರಡೂ ದಡದಲ್ಲಿದೆಯಂತೆ, ನಾನು ಒಂದೇ ದಡ ಹೇಳಿದ್ದೆ. ನಾಳೆ ತಿದ್ದಿ ಹೇಳಬೇಕು.

ಆಗಸ್ಟ್ ೧೯, ಶನಿವಾರ

ಇವರು ಬುಧವಾರ ಬೆಳಿಗ್ಗೆ ಹೋದರು. ಹಂಡೆಗೆ ಉರಿ ಹಾಕಿ ಒಳಗೆ ಬಂದೆ, ನನ್ನ ಕಡೆ ತಿರುಗಿ ನೋಡಿದರು, ಉಸಿರು ಬಿಟ್ಟರು, ಮತ್ತೆ ಎಳೆದುಕೊಳ್ಳಲಿಲ್ಲ. ಅಷ್ಟು ದಿನ ಏದುಸಿರು ಬಿಟ್ಟವರ ಮುಖ ಎಷ್ಟು ಸಲೀಸಾಗಿತ್ತೆಂದರೆ, ನಾನು ಸ್ವಲ್ಪ ಹೊತ್ತು ಯಾರನ್ನೂ ಕರೆಯಲಿಲ್ಲ. ಆಮೇಲೆ ಅತ್ತೆ, ಬೀದಿಗೆ ಕೇಳುವ ಹಾಗೆ.

ಬಿಳಿ ಅಂಗಿಯನ್ನು ನಾನೇ ಒಗೆದೆ, ನಾನೇ ಇಸ್ತ್ರಿ ಮಾಡಿದೆ. ಮೊದಲು ಕಾಲರ್, ಆಮೇಲೆ ತೋಳಿನ ಪಟ್ಟಿ, ಬೆನ್ನು ಕೊನೆಗೆ. ಒಂದು ಸುಕ್ಕಿಲ್ಲ. ತೋರಿಸಲು ಇವರ ಕುರ್ಚಿಯ ಕಡೆ ತಿರುಗಿದೆ. ಆ ಕ್ಷಣ ಇಡೀ ಮನೆ ನನ್ನ ಮೇಲೆ ಬಿದ್ದ ಹಾಗಾಯಿತು. ಅದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ನಾದಿನಿ ಕತ್ತರಿ ತಂದಳು. ನಮ್ಮ ಅಂಗಡಿಯ ಪದ್ಧತಿ ಅವಳಿಗೂ ಗೊತ್ತು. ಕಾಲರ್ ತಿರುಗಿಸಿ ಗುರುತಿಗೆ ಕತ್ತರಿಯ ಮೊನೆ ಹಾಕಿದಳು.

"ಬೇಡ, ಬಿಡು" ಎಂದೆ.

"ಯಾಕೆ ಅತ್ತಿಗೆ? ಇದು ಮತ್ತೆ ಬರೋ ಬಟ್ಟೆಯಲ್ಲವಲ್ಲ."

"ಅದು ಇಲ್ಲಿಗೆ ಬರಲ್ಲ. ನಾನು ಅಲ್ಲಿಗೆ ಹೋಗ್ಬೇಕಲ್ಲ. ಇರಲಿ."

ಅವಳು ನನ್ನ ಮುಖ ನೋಡಿದಳು, ಕತ್ತರಿ ಕೆಳಗಿಟ್ಟಳು. ಪಾದ್ರಿಗಳು ಬಾಗಿಲಲ್ಲಿ ನಿಂತಿದ್ದರು, ನಮ್ಮ ಲಾಂಡ್ರಿಯಿಂದ ಹೋದ ಆ ನಿಲುವಂಗಿಯಲ್ಲಿ.

ಕನ್ನಡಕ ಹಾಕಿಕೊಂಡು ಗುರುತನ್ನು ಬೆಳಕಿಗೆ ಹಿಡಿದೆ. ಎರಡು ಚುಕ್ಕೆ, ಕೆಳಗೊಂದು ಗೆರೆ. ನೂಲು ಗಟ್ಟಿಯಾಗಿಯೇ ಇತ್ತು. ಆದರೂ ಸೂಜಿ ತೆಗೆದುಕೊಂಡು ಇನ್ನೊಂದು ಸುತ್ತು ಹೊಲಿದೆ.